ಪೆಡಲ್ ಗಟ್ಟಿ ಇದೆ, ಬ್ರೇಕ್ ಮಾತ್ರ ಇಲ್ಲ

ಇವತ್ತು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಜೀಪಿನ ವಿಷಯ ಹೇಳ್ತೀನಿ. ಹಳೇ ಡೀಸೆಲ್ ಗಾಡಿ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಡ್ರೈವರ್ ಅಣ್ಣನ ದೂರು ಹೀಗಿತ್ತು: "ಇಳಿಜಾರಲ್ಲಿ ಬ್ರೇಕ್ ಹಿಡೀತದೆ ಸಾರ್. ಏರು ಹತ್ತಕ್ಕಾಗ್ದೆ ಹಿಂದಕ್ಕೆ ಜಾರ್ತದಲ್ಲ, ಆಗ ಪೂರ್ತಿ ಒತ್ತಿದ್ರೂ ನಿಲ್ಲಲ್ಲ. ಅದೂ ದಿನಾ ಅಲ್ಲ, ಕೆಲವು ದಿನ ಮಾತ್ರ." ಒಂದು ಸಲ ಹಿಂದೆ ಗೊಬ್ಬರದ ಚೀಲದ ಮೇಲೆ ಇಬ್ಬರು ಕೂತಿದ್ದಾಗ ಹೀಗಾಗಿ, ಗಾಡಿ ಸಿಲ್ವರ್ ಮರಕ್ಕೆ ತಾಗಿ ನಿಂತಿತ್ತು. ಮರ ಇಲ್ಲದಿದ್ರೆ ಕೆಳಗೆ ಹಳ್ಳ.

ನನ್ನ ಹತ್ರ ಬರೋ ಹೊತ್ತಿಗೆ ಮಾಸ್ಟರ್ ಸಿಲಿಂಡರ್ ಎರಡು ಸಲ ಬದಲಾಗಿತ್ತು. ಬ್ರೇಕ್ ಆಯಿಲ್ ಹೊಸದು, ಲೈನಲ್ಲಿ ಏರ್ ತೆಗೆದಿದ್ದೂ ಆಗಿತ್ತು. ಯಾರೂ ಪೆಡಲ್ ಏನು ಹೇಳ್ತಿದೆ ಅಂತ ಕೇಳಿರಲಿಲ್ಲ.

ಪೆಡಲ್ ಮೇಲೆ ಕಾಲಿಟ್ಟು ಒಂದೇ ಸಮನೆ ಒತ್ತಿ ಹಿಡೀರಿ. ಹೊರಗೆಲ್ಲೂ ಸೋರಿಕೆ ಇಲ್ಲದೆ ಅದು ನಿಧಾನಕ್ಕೆ ಕೆಳಗಿಳಿದ್ರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ. ಸ್ಪಂಜಿನ ಹಾಗೆ ಮೆತ್ತಗಿದ್ರೆ ಲೈನಲ್ಲಿ ಗಾಳಿಯೋ ಆವಿಯೋ ಇದೆ. ಬ್ರೇಕ್ ಆಯಿಲ್ ತೇವ ಹೀರ್ತದೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳೀತದೆ. ಉದ್ದದ ಘಾಟಿ ಇಳಿಯುವಾಗ ಮೆತ್ತಗಾದ ಪೆಡಲ್ ಗಾಡಿ ತಣ್ಣಗಾದ ಮೇಲೆ ಸರಿಯಾಗೋದು ಅದಕ್ಕೇ. ಇನ್ನು, ಕಲ್ಲುದಾರಿ ಮುಗಿಸಿ ಬಂದ ಮೇಲೆ ಮೊದಲ ಸಲ ಪೆಡಲ್ ಆಳಕ್ಕೆ ಹೋಗಿ, ಎರಡನೇ ಸಲ ಸರಿಯಾಗಿ ಸಿಕ್ಕಿದ್ರೆ ವೀಲ್ ಬೇರಿಂಗ್ ಅಲುಗಾಡ್ತಿದೆಯಾ ನೋಡಿ. ಡಿಸ್ಕ್ ಓಲಾಡಿ ಪ್ಯಾಡನ್ನ ಹಿಂದಕ್ಕೆ ತಳ್ಳಿರ್ತದೆ.

ಈ ಜೀಪಲ್ಲಿ ಇದ್ಯಾವುದೂ ಇರಲಿಲ್ಲ. ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಅಂದ್ರೆ ಒತ್ತಡ ಚಕ್ರದವರೆಗೆ ಹೋಗ್ತಿದೆ, ಅಲ್ಲಿ ಹಿಡಿತ ಸಿಗ್ತಿಲ್ಲ.

ಹಾಗಾಗಿ ಡ್ರೈವರ್ ಅಣ್ಣನಿಗೆ ಕೇಳಿದೆ: "ಹ್ಯಾಂಡ್‌ಬ್ರೇಕ್ ಹೇಗಿದೆ?" "ಅದು ಹೋಗಿ ತಿಂಗಳಾಯ್ತು ಸಾರ್, ಕಲ್ಲು ಇಡ್ತೀವಿ" ಅಂದ್ರು. ಈ ಒಂದು ಉತ್ತರದಲ್ಲೇ ಎಲ್ಲಾ ಇತ್ತು. ಹ್ಯಾಂಡ್‌ಬ್ರೇಕಿಗೂ ಬ್ರೇಕ್ ಆಯಿಲ್‌ಗೂ ಸಂಬಂಧ ಇಲ್ಲ, ಅದು ಕೇಬಲ್‌ನಲ್ಲಿ ನಡೆಯೋದು. ಈ ಗಾಡಿಯಲ್ಲಿ ಪೆಡಲ್‌ಗೂ ಹ್ಯಾಂಡ್‌ಬ್ರೇಕಿಗೂ ಸಮಾನವಾಗಿರೋದು ಹಿಂದಿನ ಡ್ರಮ್ಮಿನ ಶೂ ಮಾತ್ರ. ಎರಡೂ ಕೈಕೊಟ್ಟಿವೆ ಅಂದ್ರೆ ಹುಡುಕಬೇಕಾದ ಜಾಗ ಬಾನೆಟ್ ಕೆಳಗಲ್ಲ.

ಹಿಂದಕ್ಕೆ ಜಾರುವಾಗ ಮಾತ್ರ ಯಾಕೆ? ಇಳಿಜಾರಲ್ಲಿ ಮೂತಿ ಕೆಳಗಿದ್ದಾಗ ಭಾರ ಮುಂದಿನ ಚಕ್ರಕ್ಕೆ ಬೀಳ್ತದೆ, ಡಿಸ್ಕ್ ನಿಭಾಯಿಸ್ತದೆ. ಏರಲ್ಲಿ ಹಿಂದಕ್ಕೆ ಜಾರುವಾಗ ಎಲ್ಲಾ ತಿರುಗುಮುರುಗು. ಮುಂಭಾಗ ಹಗುರ, ಮುಂದಿನ ಚಕ್ರ ಲಾಕ್ ಆಗಿ ಕೆಸರಲ್ಲಿ ಜಾರ್ತದೆ. ಹಿಡಿಯಬೇಕಾದ್ದು ಹಿಂದಿನ ಬ್ರೇಕು. ಅದೇ ಇಲ್ಲ.

ಕೆಲವು ದಿನ ಮಾತ್ರ ಅನ್ನೋದಕ್ಕೂ ಉತ್ತರ ಇದೆ. ಇಂಥ ಜೀಪಲ್ಲಿ ಫೋರ್ ವೀಲ್ ಹಾಕಿದ್ರೆ ಮುಂದಿನ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಒಂದಕ್ಕೊಂದು ಕಟ್ಟಿಕೊಳ್ತವೆ. ಮುಂದಿನ ಡಿಸ್ಕು ಹಿಂದಿನ ಚಕ್ರವನ್ನೂ ತಡೆದು ಹಿಡೀತದೆ. ಫೋರ್ ವೀಲ್ ಹಾಕಿದ ದಿನ ರೋಗ ಅಡಗಿರ್ತಿತ್ತು, ಹಾಕದ ದಿನ ಹೊರಗೆ ಬರ್ತಿತ್ತು. ಇದನ್ನ ಅರ್ಥ ಮಾಡಿಕೊಳ್ಳೋಕೆ ನನಗೆ ಒಂದಿಡೀ ಮಧ್ಯಾಹ್ನ ಬೇಕಾಯ್ತು.

ಡ್ರಮ್ ಬಿಚ್ಚಿದೆವು. ಎರಡೂ ಕಡೆ ಲೈನರ್ ಎಣ್ಣೆಯಲ್ಲಿ ನೆಂದಿತ್ತು. ಯಾವ ಎಣ್ಣೆ? ಒಂದು ಲೋಟ ನೀರಿಗೆ ಒಂದು ಹನಿ ಬಿಡಿ. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ನೀರಲ್ಲಿ ಬೆರೀತದೆ, ಗೇರ್ ಆಯಿಲ್ ತೇಲ್ತದೆ. ಇದು ತೇಲಿತು. ಮೂಸಿದ್ರೆ ಗಂಧಕದ ವಾಸನೆ. ಅಂದ್ರೆ ಹಿಂದಿನ ಆಕ್ಸಲ್ ಹೌಸಿಂಗ್‌ನ ಗೇರ್ ಆಯಿಲ್, ಸೀಲ್ ದಾಟಿ ಡ್ರಮ್ಮಿಗೆ ಬಂದಿದೆ. ಆದ್ರೆ ಆ ಸೀಲ್ ಹಾಕಿ ವರ್ಷವೂ ಆಗಿರಲಿಲ್ಲ.

ಹೊಸ ಸೀಲ್ ಯಾಕೆ ಸೋರಿತು? ಹೌಸಿಂಗ್ ಮೇಲೆ ಬೆರಳ ತುದಿಯಷ್ಟು ಒಂದು ಬ್ರೀದರ್ ಇರ್ತದೆ, ಒಳಗಿನ ಗಾಳಿ ಹೋಗಿಬರೋ ದಾರಿ. ಈ ಜೀಪಲ್ಲಿ ಅದು ಒಣಗಿದ ಕೆಸರಲ್ಲಿ ಮುಚ್ಚಿಹೋಗಿತ್ತು. ಏರು ಹತ್ತಿ ಹೌಸಿಂಗ್ 30 ಡಿಗ್ರಿಯಿಂದ 90ಕ್ಕೆ ಬಿಸಿಯಾದ್ರೆ, ಸಿಕ್ಕಿಬಿದ್ದ ಗಾಳಿಯ ಒತ್ತಡ ಐದನೇ ಒಂದು ಭಾಗದಷ್ಟು ಹೆಚ್ಚಾಗ್ತದೆ. ಆ ಒತ್ತಡ ಎಣ್ಣೆಯನ್ನ ಸೀಲಿನ ಅಂಚಿಂದ ಹೊರಗೆ ತಳ್ತದೆ. ಆಮೇಲೆ ಬಿಸಿ ಹೌಸಿಂಗ್ ತಣ್ಣನೆ ಹಳ್ಳಕ್ಕೆ ಇಳೀತದೆ, ಗಾಳಿ ಕುಗ್ತದೆ, ಅದೇ ಸೀಲಿಂದ ನೀರು ಒಳಗೆ ಬರ್ತದೆ. ಡ್ರೈನ್ ಪ್ಲಗ್ ಬಿಚ್ಚಿದಾಗ ಇಳಿದ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣ ಇತ್ತು.

ಎರಡೂ ಕಡೆ ಹೊಸ ಲೈನರ್, ಹೊಸ ಸೀಲ್, ಹೊಸ ಗೇರ್ ಆಯಿಲ್ ಹಾಕಿದೆವು. ಎಣ್ಣೆ ಕುಡಿದ ಲೈನರನ್ನ ಪೆಟ್ರೋಲಲ್ಲಿ ತೊಳೆದು, ಸುಟ್ಟು ಮತ್ತೆ ಹಾಕೋರಿದ್ದಾರೆ. ದಯವಿಟ್ಟು ಹಾಕಬೇಡಿ, ಬಿಸಿಯಾದ ಕೂಡಲೇ ಎಣ್ಣೆ ಮತ್ತೆ ಮೇಲೆ ಬರ್ತದೆ. ಡ್ರಮ್ಮಿನ ಧೂಳಿಗೆ ಏರ್ ಗನ್ ಕೂಡ ಹಿಡೀಬೇಡಿ. ಹಳೇ ಲೈನರಲ್ಲಿ ಆಸ್ಬೆಸ್ಟಾಸ್ ಇರಬಹುದು. ಕೊನೆಗೆ ಬ್ರೀದರಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ, ಹಳ್ಳದ ನೀರು ಮುಟ್ಟದ ಎತ್ತರಕ್ಕೆ ಬಾಡಿಗೆ ಕಟ್ಟಿದೆವು.

ನಿಮ್ಮ ಮನೆಯಲ್ಲಿ ಕೆಸರಿಗೆ, ಹಳ್ಳಕ್ಕೆ ಇಳಿಯೋ ಜೀಪ್ ಇದ್ರೆ, ಮಳೆ ಹಿಡಿಯೋ ಮೊದಲು ಒಂದು ಕೆಲಸ ಮಾಡಿ. ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿ ಕೆಳಗೆ ಬಗ್ಗಿ, ಹಿಂದಿನ ಹೌಸಿಂಗ್ ಮೇಲಿನ ಆ ಬ್ರೀದರ್ ಕ್ಯಾಪನ್ನ ಬೆರಳಲ್ಲಿ ಅಲುಗಾಡಿಸಿ. ಅಲುಗಾಡದಿದ್ರೆ ಇವತ್ತೇ ಬಿಚ್ಚಿ ತೊಳೀರಿ.