ಕೊಟ್ಟಿಗೆಯಲ್ಲಿ ಹಳೆಯ ಮೋಟಾರು

ಹಳೆಯ ವೀಣೆಗೆ ಹೊಸ ತಂತಿ ಕಟ್ಟಿಸುವವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಹಳೆಯ ಮೋಟಾರಿಗೆ ಹೊಸ ತಂತಿ ಎಳೆಯುವವನನ್ನು ಮಾತ್ರ ನೆರೆಹೊರೆಯವರು ಕನಿಕರದಿಂದ ನೋಡುವುದುಂಟು. ಮನೆಯವರ ನೋಟದಲ್ಲಿ ಕನಿಕರವೂ ಇರುವುದಿಲ್ಲ. ಈ ಎರಡನೆಯ ಬಗೆಯ ಜನರ ಪರವಾಗಿ ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಆದರೆ ಅವರ ಪರವಾಗಿ ಮಾತನಾಡುವಾಗಲೂ ಅವರೊಡನೆ ಒಂದು ಜಗಳವನ್ನು ಆಡದೆ ಗತಿಯಿಲ್ಲ. ಹಳೆಯ ಗಾಡಿಯಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬುದೇ ಆ ಜಗಳದ ವಿಷಯ.

ದೃಷ್ಟಾಂತವಿಲ್ಲದೆ ಇಂಥ ಮಾತು ಗಾಳಿಯಲ್ಲಿ ಹಾರಿಹೋಗುತ್ತದೆ. ಆದುದರಿಂದ ಎಂ.ಜಿ.ಎ. ಎಂಬ, ಇಬ್ಬರು ಕೂರುವ ಆಂಗ್ಲ ಕ್ರೀಡಾ ಮೋಟಾರೊಂದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯ ಒಂದು ಅಡಿಕೆ ತೋಟದ ಮನೆಗೆ ಬಂದು ಸೇರಿದೆಯೆಂದು ಭಾವಿಸೋಣ. 1955ರಿಂದ 1962ರವರೆಗೆ ಆಬಿಂಗ್ಡನ್ ಎಂಬ ಸಣ್ಣ ಊರಿನಲ್ಲಿ ಈ ಗಾಡಿ ತಯಾರಾಗುತ್ತಿತ್ತು. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನ ಆ ಮೋಟಾರು ಮಳಿಗೆಯ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾಧಾರಣ ಮಾರಿಸ್ ಗಾಡಿಗಳ ಚೌಕಟ್ಟಿನ ಮೇಲೆ ಚೆಲುವಾದ ಹೊಸ ಮೈಯನ್ನು ಕೂರಿಸಿ ಮಾರತೊಡಗಿದನು. ವಂಶವೇ ಗ್ಯಾರೇಜಿನಲ್ಲಿ ಹುಟ್ಟಿದ್ದು. ಅದರ ಕುಡಿಯೊಂದು ನಮ್ಮ ಕೊಟ್ಟಿಗೆಯಲ್ಲಿ ಮರುಜನ್ಮ ಪಡೆದರೆ ಅದಕ್ಕೆ ಅವಮಾನವೇನೂ ಇಲ್ಲ.

ಈ ಗಾಡಿಯನ್ನೇ ಆರಿಸಿಕೊಂಡದ್ದಕ್ಕೆ ಬೇರೊಂದು ಕಾರಣವಿದೆ. ಮೊದಲ ಎಂ.ಜಿ.ಎ.ಯ ಎಂಜಿನ್ 1489 ಘನ ಸೆಂಟಿಮೀಟರಿನದು. ನಮ್ಮ ಅಂಬಾಸಡರ್ ಗಾಡಿಯಲ್ಲಿ ದಶಕಗಳ ಕಾಲ ದುಡಿದ ಪೆಟ್ರೋಲ್ ಎಂಜಿನ್ ಸಹ 1489ರದೇ. ಎರಡೂ ಒಂದೇ ತಾಯಿಯ ಮಕ್ಕಳು. ಒಬ್ಬನು ಎರಡು ಕಾರ್ಬ್ಯುರೇಟರುಗಳನ್ನು ಧರಿಸಿ ಪಂದ್ಯಕ್ಕೆ ಹೊರಟನು. ಇನ್ನೊಬ್ಬನು ಒಂದೇ ಕಾರ್ಬ್ಯುರೇಟರಿನಿಂದ ಮದುವೆಯ ದಿಬ್ಬಣವನ್ನೂ ಸರ್ಕಾರಿ ಅಧಿಕಾರಿಗಳನ್ನೂ ಹೊತ್ತು ತಿರುಗಿದನು. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೆ ಅದನ್ನು ಬಿಚ್ಚಿ ಕಟ್ಟಿದ ಕೈಗಳು ಇನ್ನೂ ನಮ್ಮ ಊರುಗಳಲ್ಲಿ ಇವೆ. ವಿಲಾಯತಿಯ ಗಾಡಿಯೆಂದು ಹೆದರುವ ಯಜಮಾನನಿಗಿಂತ ಹಳೆಯ ಪೇಟೆಯ ಮಿಸ್ತ್ರಿಗೆ ಅದರ ಹೃದಯ ಹೆಚ್ಚು ಪರಿಚಿತವಾದುದು.

ಈಗ ಕೊಟ್ಟಿಗೆಯ ಮಾತು. ಇಂಗ್ಲಿಷಿನ ಕೈಪಿಡಿಗಳು ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಜೊತೆ ಬರುತ್ತವೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ. ಜೂನಿನಿಂದ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ, ಪುಸ್ತಕಕ್ಕೆ ಬೂಸಲು ಬರುತ್ತದೆ. ಕಬ್ಬಿಣ ಹೇಗೆ ತಾನೆ ಉಳಿದೀತು? ಸಾಲದುದಕ್ಕೆ, ನಮ್ಮ ಮನೆಗಳಲ್ಲಿ ಬಳಕೆಯಿಲ್ಲದ ಗಾಡಿಯನ್ನು ನಿಲ್ಲಿಸುವ ಜಾಗಗಳು ಎರಡು: ದನದ ಕೊಟ್ಟಿಗೆಯ ಮಗ್ಗುಲು, ಇಲ್ಲವೆ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತದ ಚೀಲಗಳ ಮಗ್ಗುಲು. ಇವೆರಡೂ ಮೋಟಾರಿಗೆ ಕೆಟ್ಟ ಸಹವಾಸ. ಮೈಲುತುತ್ತದ ಪುಡಿ ತೇವದೊಡನೆ ಉಕ್ಕಿನ ಮೇಲೆ ಬಿದ್ದರೆ ಅಲ್ಲಿ ತಾಮ್ರ ಕೂರುತ್ತದೆ, ಉಕ್ಕು ಕರಗುತ್ತದೆ. ಕೊಟ್ಟಿಗೆಯ ವಿಷಯ ಇನ್ನೂ ಸ್ವಾರಸ್ಯವಾದುದು. ಬ್ರಿಟಿಷರ ಸೈನ್ಯವು ಭಾರತದಲ್ಲಿ ಮಳೆಗಾಲದಲ್ಲಿ ಹಿತ್ತಾಳೆಯ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು; ತೆಗೆದು ನೋಡಿದರೆ ಯಾರೂ ಮುಟ್ಟದ ತೋಟಾಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾ ಇದಕ್ಕೆ ಕಾರಣವೆಂದು 1921ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಲಾಯದ ಅಮೋನಿಯಾಕ್ಕೂ ಕೊಟ್ಟಿಗೆಯ ಅಮೋನಿಯಾಕ್ಕೂ ಜಾತಿಭೇದವಿಲ್ಲ. ಗಾಡಿಯಲ್ಲಿರುವ ಹಿತ್ತಾಳೆಯ ಜೋಡಣೆಗಳಿಗೂ ತಾಮ್ರದ ತಂತಿಗಳಿಗೂ ಅದೇ ಗತಿ. ಆದುದರಿಂದ ದುರಸ್ತಿಯ ಮೊದಲನೆಯ ಕೆಲಸ ಸ್ಪ್ಯಾನರ್ ಹಿಡಿಯುವುದಲ್ಲ. ಗಾಡಿಯನ್ನು ಅಲ್ಲಿಂದ ಹೊರಗೆ ತಂದು, ಹಲಗೆಯ ಮೇಲೆ, ಗಾಳಿಯಾಡುವ ಕಡೆ ನಿಲ್ಲಿಸುವುದು.

ತುಕ್ಕು ತೆಗೆಯುವುದಕ್ಕೆ ಕಬ್ಬಿನ ಕಾಕಂಬಿಯನ್ನು ಹತ್ತು ಪಾಲು ನೀರಿಗೆ ಬೆರೆಸಿ ಸಣ್ಣ ಭಾಗಗಳನ್ನು ಎರಡು ಮೂರು ವಾರ ಅದ್ದಿಡುವ ಪದ್ಧತಿಯೊಂದುಂಟು. ತುಕ್ಕು ನಿಧಾನವಾಗಿ ಬಿಡುತ್ತದೆ, ಒಳ್ಳೆಯ ಉಕ್ಕಿಗೆ ಅಷ್ಟಾಗಿ ನೋವಾಗುವುದಿಲ್ಲ. ವಾಸನೆಯನ್ನು ಮಾತ್ರ ಸಹಿಸಿಕೊಳ್ಳಬೇಕು. ನಮ್ಮ ಕಡೆಯ ಜೋನಿ ಬೆಲ್ಲವನ್ನು ಇದಕ್ಕೆ ಬಳಸಬೇಕೆಂದು ನಾನು ಹೇಳಲಾರೆ. ಅದು ದೋಸೆಯ ಪಾಲು. ಇನ್ನೊಂದು ಎಚ್ಚರಿಕೆ: ಎಂ.ಜಿ.ಎ.ಯ ಮುಂದಿನ ಹಿಂದಿನ ಮುಚ್ಚಳಗಳು ಅಲ್ಯೂಮಿನಿಯಮಿನವು. ಆ ಲೋಹವನ್ನು ಈ ದ್ರಾವಣಕ್ಕೆ ತೋರಿಸಲೇಬಾರದು. ಅದು ಉಕ್ಕಿಗೆ ತಾಗುವ ಕಡೆಯೆಲ್ಲ ನಡುವೆ ರಬ್ಬರನ್ನೋ ಬಣ್ಣವನ್ನೋ ಇಡತಕ್ಕದ್ದು. ಇಲ್ಲದಿದ್ದರೆ ನಮ್ಮ ತೇವದಲ್ಲಿ ಎರಡು ಲೋಹಗಳೂ ಕೂಡಿ ಬ್ಯಾಟರಿಯಂತೆ ವರ್ತಿಸಿ ಅಲ್ಯೂಮಿನಿಯಮ್ಮನ್ನು ಬಿಳಿಯ ಪುಡಿ ಮಾಡುತ್ತವೆ. ನೆಲಹಾಸು ಪ್ಲೈವುಡ್ಡಿನದು. ಅದನ್ನು ಯಾವ ಬಡಗಿಯಾದರೂ ಒಂದು ದಿನದಲ್ಲಿ ಮಾಡಿಕೊಟ್ಟಾನು.

ಎಂಜಿನ್ನಿನ ವಿಷಯಕ್ಕೆ ಬಂದಾಗ ಜಗಳ ಶುರುವಾಗುತ್ತದೆ. “ಇಷ್ಟೆಲ್ಲ ಶ್ರಮವೇಕೆ? ಜಪಾನಿನ ಹೊಸ ಎಂಜಿನ್ನೊಂದನ್ನು ಕೂರಿಸಿದರಾಯಿತಲ್ಲ” ಎಂದು ನನ್ನ ಬುದ್ಧಿವಂತ ವಿದ್ಯಾರ್ಥಿಯೊಬ್ಬನು ಕೇಳಿದನು. ಆಗಬಹುದು, ಗಾಡಿ ವೇಗವಾಗಿಯೂ ಓಡೀತು. ಆದರೆ ಆ ಎರಡು ಕಾರ್ಬ್ಯುರೇಟರುಗಳ ಉಸಿರಾಟ ಹೋದಮೇಲೆ ಉಳಿಯುವುದು ವೇಷ ಮಾತ್ರ. ಕಾನೂನೂ ಇಲ್ಲಿ ನನ್ನ ಕಡೆಗಿದೆ. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚೌಕಟ್ಟು, ಮೈ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ಗಾಡಿಗೆ ಮಾತ್ರ ‘ವಿ.ಎ.’ ಅಕ್ಷರಗಳ ವಿಂಟೇಜ್ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಅವಧಿ 10 ವರ್ಷ. ಆ ಸಂಖ್ಯೆಯ ಗಾಡಿಯನ್ನು ಪ್ರದರ್ಶನ, ಮೆರವಣಿಗೆ, ಸಂಶೋಧನೆ, ದುರಸ್ತಿ ಮುಂತಾದುವಕ್ಕಲ್ಲದೆ ನಿತ್ಯ ಸಂಚಾರಕ್ಕೆ ಬಳಸುವಂತಿಲ್ಲವೆಂಬುದನ್ನೂ ಗಮನಿಸಬೇಕು. ದಿನಾಲೂ ಪೇಟೆಗೆ ಹೋಗಬೇಕೆನ್ನುವವರು ಬೇರೆ ದಾರಿ ನೋಡಿಕೊಳ್ಳಲಿ.

ಆದರೂ ಒಳಗಿನ ಕೆಲವು ಬದಲಾವಣೆಗಳು ಅನಿವಾರ್ಯ. ಸೀಸ ಬೆರೆಸಿದ ಪೆಟ್ರೋಲು ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು. ಸೀಸದ ರಕ್ಷಣೆಯನ್ನು ನಂಬಿದ್ದ ಹಳೆಯ ಕವಾಟಗಳಿಗೆ ಗಟ್ಟಿ ಉಕ್ಕಿನ ಪೀಠಗಳನ್ನು ಕೂರಿಸುವುದು ಒಳ್ಳೆಯದು. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ 100ಕ್ಕೆ 20 ಪಾಲು ಎಥನಾಲ್ ಸೇರಿತು. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ನೀರನ್ನೂ ಹೀರುತ್ತದೆ. ಮಳೆಗಾಲವಿಡೀ ಅಂಥ ಇಂಧನವನ್ನು ಟ್ಯಾಂಕಿನಲ್ಲಿ ಉಳಿಸುವುದು ತುಕ್ಕಿಗೆ ಔತಣ ಕೊಟ್ಟಂತೆ. ಹೊಸ ಜಾತಿಯ ನಾಳಗಳನ್ನು ಹಾಕಿ, ಜೂನಿಗೆ ಮೊದಲೇ ಟ್ಯಾಂಕನ್ನು ಬರಿದು ಮಾಡುವುದು ಲೇಸು.

ಇನ್ನು, ನಾನು ಯಾವ ಶುದ್ಧವಾದಿಗೂ ಮಣಿಯದಿರುವ ಒಂದು ಸ್ಥಳವಿದೆ. ಅದು ಬ್ರೇಕು. ಶಿರಸಿ ಕಡಲಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕುಮಟೆಗೆ ಇಳಿಯಲು ದೇವಿಮನೆ ಘಟ್ಟ, ಸಿದ್ದಾಪುರದವರಿಗೆ ದೊಡ್ಡಮನೆ ಘಟ್ಟ, ಯಲ್ಲಾಪುರದವರು ಅಂಕೋಲೆಗೆ ಹೋಗಲು ಅರಬೈಲು ಘಟ್ಟ. ಒಂದು ಟನ್ ಭಾರವನ್ನು 500 ಮೀಟರ್ ಕೆಳಗಿಳಿಸಿದರೆ ಹೊರಬರುವ ಶಕ್ತಿ ಸುಮಾರು 15 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಅದರಲ್ಲಿ ಒಂದಷ್ಟನ್ನು ಗಾಳಿಯೂ ಎಂಜಿನ್ನೂ ಹಂಚಿಕೊಳ್ಳುತ್ತವೆ. ಉಳಿದುದೆಲ್ಲ ಬ್ರೇಕಿನ ಪಾಲಿಗೆ. ‘ಡಾಟ್ 3’ ಎಂಬ ಸಾಮಾನ್ಯ ಬ್ರೇಕ್ ದ್ರವ ಹೊಸದಾಗಿರುವಾಗ 205 ಡಿಗ್ರಿಗೆ ಮೊದಲು ಕುದಿಯುವುದಿಲ್ಲ. 100ಕ್ಕೆ ಮೂರು ನಾಲ್ಕು ಪಾಲು ನೀರನ್ನು ಹೀರಿಕೊಂಡರೆ 140ರ ಹೊತ್ತಿಗೇ ಕುದಿಯಬಹುದು. ಮಲೆನಾಡಿನ ಗಾಳಿಯಲ್ಲಿ ನೀರಿಗೆ ಬರವೇ? ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ಆವಿ ಅದುಮಿದರೆ ಅದುಮಿಕೊಳ್ಳುತ್ತದೆ. ಕಾಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಮೊದಲ ಎಂ.ಜಿ.ಎ.ಯಲ್ಲಿ ನಾಲ್ಕು ಚಕ್ರಗಳಿಗೂ ಡೋಲಿನ ಬ್ರೇಕು, ನಾಲ್ಕಕ್ಕೂ ಸೇರಿ ಒಂದೇ ಕೊಳವೆಯ ಜಾಲ. ಎಲ್ಲಿ ಸೋರಿದರೂ ನಾಲ್ಕೂ ಹೋದಂತೆಯೇ.

ಇದನ್ನು ಮೂಲರೂಪವೆಂದು ಪೂಜಿಸುವುದು ಸಲ್ಲದು. 1959ರಲ್ಲಿ ಬಂದ ಎಂ.ಜಿ.ಎ. 1600ಕ್ಕೆ ಕಾರ್ಖಾನೆಯವರೇ ಮುಂದಿನ ಚಕ್ರಗಳಿಗೆ ತಟ್ಟೆಯ ಬ್ರೇಕು ಕೊಟ್ಟರು. ತಮ್ಮನ ಅಂಗಿಯನ್ನು ಅಣ್ಣನಿಗೆ ತೊಡಿಸಿದಂತೆ ಅದೇ ಬ್ರೇಕನ್ನು ಹಳೆಯದಕ್ಕೂ ಅಳವಡಿಸಬಹುದು. ಕೊಳವೆಗಳ ಜಾಲವನ್ನು ಎರಡಾಗಿ ಒಡೆಯುವುದು ಇನ್ನೂ ಮೇಲು. ಬಿಚ್ಚಿದ ಹಳೆಯ ಭಾಗಗಳನ್ನು ಎಣ್ಣೆ ಸವರಿ ಅಟ್ಟದ ಮೇಲಿಟ್ಟರೆ, ಮುಂದಿನವನು ಬೇಕಾದರೆ ಮತ್ತೆ ಮೊದಲಿನಂತೆ ಮಾಡಿಕೊಳ್ಳಲಿ. ಕೆಲಸಕ್ಕೆ ಮೊದಲು ನೋಂದಣಿ ಕಚೇರಿಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯುವುದು ವಿವೇಕ. ಡೈನಮೋವಿನ ಬದಲು ಆಲ್ಟರ್ನೇಟರ್ ಹಾಕುವ ವಿಷಯದಲ್ಲಿ ನನಗೆ ಅಂಥ ಹಟವಿಲ್ಲ. ರಾತ್ರಿ ಮಂಜಿನಲ್ಲಿ ದೀಪವೂ ಮಳೆಯೊರಸುವ ಕಡ್ಡಿಯೂ ಒಟ್ಟಿಗೆ ನಡೆಯಬೇಕೆನ್ನುವವರಿಗೆ ಅದು ಬೇಕಾದೀತು.

ಎಲ್ಲ ಮುಗಿದಮೇಲೆ ಮೊದಲ ಓಟಕ್ಕೆ ದಸರೆ ಕಳೆದು ರಸ್ತೆ ಒಣಗುವವರೆಗೆ ಕಾಯುವುದು ಮೇಲು. ಮೊದಲ ದಿನವೇ ಘಟ್ಟಕ್ಕೆ ಹೋಗಕೂಡದು. ಶಿರಸಿಯಿಂದ ಯಲ್ಲಾಪುರದ ಕಡೆಗೆ ಕಾಡಿನ ನಡುವೆ ಹತ್ತು ಮೈಲು ಹೋಗಿ, ಗಾಡಿ ನಿಲ್ಲಿಸಿ, ನಾಲ್ಕು ಚಕ್ರಗಳ ಹತ್ತಿರವೂ ಕೈಹಿಡಿದು ನೋಡಬೇಕು. ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡೇ ಇದೆಯೆಂದು ಅರ್ಥ. ಹಿಂದಿರುಗಿ ಬಂದು ಮತ್ತೆ ಬಿಚ್ಚತಕ್ಕದ್ದು.