ಎರಡು ಊರು, ಒಂದು ರಜೆ
(ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



‘ನನ್ನ ಮೆಚ್ಚಿನ ಪ್ರವಾಸ’ ಎಂಬ ವಿಷಯದ ಮೇಲೆ ಐದು ನಿಮಿಷ ಮಾತಾಡಲು ಹೇಳಿದ್ದಾರೆ. ನಾನು ಪ್ರವಾಸಕ್ಕಿಂತ ಹೆಚ್ಚಾಗಿ, ಊರು ಆರಿಸುವಾಗ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ.

ಮೇ ತಿಂಗಳ ರಜೆಗೆ ನಾವು ನಾಲ್ವರು, ಅಂದರೆ ನಾನು, ನನ್ನ ಯಜಮಾನರು, ಎಂಟು ವರ್ಷದ ಮಗಳು ಮತ್ತು ನನ್ನ ಅಮ್ಮ, ಸಮುದ್ರದ ದಡದ ಒಂದು ಸಣ್ಣ ಊರಿಗೆ ಹೋಗುವುದೆಂದು ತೀರ್ಮಾನವಾಯಿತು. ಹೈದರಾಬಾದಿನಿಂದ ಆಂಧ್ರದ ಕರಾವಳಿ ಹತ್ತಿರ. ಆದರೆ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಕ್ಕಳ ರಜೆಯಲ್ಲಿ ಹೋದರೆ ಕಟ್ಟಿಹಾಕಿದ ಬೋಟುಗಳನ್ನಷ್ಟೇ ನೋಡಿ ಬರಬೇಕು. ನಮ್ಮ ಕಡೆ ನಿಷೇಧ ಶುರುವಾಗುವುದು ಜೂನ್ 1ಕ್ಕೆ. ಹಾಗಾಗಿ ಕರ್ನಾಟಕವೇ ಸರಿ ಎಂದುಕೊಂಡೆವು.

ಪಟ್ಟಿಯಲ್ಲಿ ಉಳಿದದ್ದು ಎರಡು. ಒಂದು, ಕುಮಟಾ ತಾಲೂಕಿನ ಅಘನಾಶಿನಿ. ಶಿರಸಿಯ ಕಡೆಯಿಂದ ಹರಿದು ಬರುವ ಅಘನಾಶಿನಿ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಅದು ಸಮುದ್ರ ಸೇರುವ ಅಳಿವೆಯ ಒಂದು ದಡದಲ್ಲಿ ತದಡಿ ಬಂದರು, ಇನ್ನೊಂದು ದಡದಲ್ಲಿ ಅಘನಾಶಿನಿ ಊರು. ನೀರು ಇಳಿದಾಗ ಹೆಂಗಸರು ಬುಟ್ಟಿ ಹಿಡಿದು ಬೆಳಚು ಆರಿಸಲು ಇಳಿಯುತ್ತಾರೆ. ಉಪ್ಪುನೀರಿನಲ್ಲೂ ಬೆಳೆಯುವ ಕಗ್ಗ ಭತ್ತ ಅಲ್ಲಿಯ ಗಜನಿ ಗದ್ದೆಗಳದ್ದು. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೂ ಸೇರಿತು.

ಇನ್ನೊಂದು, ಕುಂದಾಪುರದ ಹತ್ತಿರದ ಗಂಗೊಳ್ಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕೂಡಿ ಕಡಲು ಸೇರುವ ಜಾಗ. ಒಂದು ಬದಿ ಸಮುದ್ರ, ಇನ್ನೊಂದು ಬದಿ ನದಿ, ನಡುವೆ ಹೆದ್ದಾರಿ ಇರುವ ಮರವಂತೆ ಅಲ್ಲೇ ಪಕ್ಕದಲ್ಲಿದೆ. ಕಾಚಿಗುಡದಿಂದ ಮಂಗಳೂರು ಮಾರ್ಗವಾಗಿ ಮುರ್ಡೇಶ್ವರಕ್ಕೆ ಹೋಗುವ ರೈಲಿನಲ್ಲಿ ಕುಂದಾಪುರಕ್ಕೇ ಇಳಿಯಬಹುದು. ಅಮ್ಮ ಹುಟ್ಟಿ ಬೆಳೆದ ಊರೂ ಅದೇ. ಅಜ್ಜನ ಮನೆ ಮಾರಿ ಹನ್ನೊಂದು ವರ್ಷವಾಗಿತ್ತು. ಆಮೇಲೆ ಅಮ್ಮ ಆ ಕಡೆ ಹೋಗಿರಲಿಲ್ಲ.

ಎಂ.ಟೆಕ್ ಮಾಡಿದವಳಲ್ಲವೇ, ಎಕ್ಸೆಲ್ ತೆರೆದೆ! ಖರ್ಚು, ಪ್ರಯಾಣ, ಊಟ, ಪ್ರಶಾಂತತೆ, ಎಲ್ಲಕ್ಕೂ ಹತ್ತರಲ್ಲಿ ಅಂಕ ಕೊಟ್ಟೆ. ಪ್ರಶಾಂತತೆಯಲ್ಲಿ ಅಘನಾಶಿನಿಗೆ ಒಂಬತ್ತು, ಗಂಗೊಳ್ಳಿಗೆ ಐದು. ಅದು ದೊಡ್ಡ ಬಂದರು, ಬೆಳಗಿನ ಜಾವದಿಂದಲೇ ಗದ್ದಲ. ಮಾರಿದ ಮನೆ ನೋಡಿ ಅಮ್ಮನಿಗೆ ಬೇಜಾರಾದೀತು ಎಂಬ ಅಳುಕೂ ನನಗಿತ್ತು. ಅಘನಾಶಿನಿ ಗೆದ್ದಿತು. ಅಮ್ಮನಿಗೆ ಲ್ಯಾಪ್‌ಟಾಪ್ ತೋರಿಸಿ, “ತುಂಬಾ ಶಾಂತವಾದ ಊರಮ್ಮ, ಒಂದು ಸದ್ದೂ ಇರುವುದಿಲ್ಲ” ಎಂದೆ.

ಅಮ್ಮ ಕನ್ನಡಕ ತೆಗೆದು ಕೇಳಿದರು, “ಅಲ್ಲ್ ಹೋಯಿ ನಾನ್ ಯಾರತ್ರ ಮಾತಾಡುದ್ ಹೆಣೆ?”

ನನಗೆ ಉತ್ತರ ಹೊಳೆಯಲಿಲ್ಲ. ನಾವಿರುವುದು ಹನ್ನೊಂದನೇ ಮಹಡಿಯಲ್ಲಿ. ಬೆಳಿಗ್ಗೆ ಎಂಟೂವರೆಗೆ ನಾವೆಲ್ಲ ಹೊರಟರೆ ಸಂಜೆಯವರೆಗೆ ಅಮ್ಮ ಒಬ್ಬರೇ. ಅವರಿಗೆ ತೆಲುಗು ಬರುವುದು ತರಕಾರಿ ಕೊಳ್ಳುವಷ್ಟು ಮಾತ್ರ. ದಿನಕ್ಕೆ ಒಂಬತ್ತು ಗಂಟೆ ಮೀಟಿಂಗಿನಲ್ಲಿ ಮಾತಾಡುವ ನನಗೆ ಮೌನ ಬೇಕಿತ್ತು. ಒಂಬತ್ತು ಗಂಟೆ ಮೌನವಾಗಿರುವವರನ್ನು ಇನ್ನೂ ಮೌನವಾದ ಊರಿಗೆ ಕರೆದುಕೊಂಡು ಹೋಗಿ ಅದನ್ನು ರಜೆ ಎನ್ನಲು ಹೊರಟಿದ್ದೆ. ನನ್ನ ಎಕ್ಸೆಲ್ಲಿನಲ್ಲಿ ‘ಯಾರಿಗೆ’ ಎಂಬ ಕಾಲಂ ಇರಲೇ ಇಲ್ಲ.

“ಆ ಮನೆ ನೋಡಿದರೆ ಬೇಜಾರಾಗುವುದಿಲ್ಲವಾ?” ಎಂದೆ. “ಆದ್ರೆ ಆತ್ತ್” ಎಂದರು ಅಮ್ಮ, ಅಷ್ಟೇ.

ಗಂಗೊಳ್ಳಿಗೇ ಹೋದೆವು. ಮೊದಲ ಬೆಳಿಗ್ಗೆಯೇ ಬಂದರಿಗೆ ನಡೆದೆವು. ಬೋಟುಗಳಿಂದ ಮೀನು ಇಳಿಯುತ್ತಿತ್ತು, ಹರಾಜಿನ ಕೂಗು, ಮಂಜುಗಡ್ಡೆ ಒಡೆಯುವ ಸದ್ದು. ಅಮ್ಮ ಒಬ್ಬ ಮೀನು ಮಾರುವ ಹೆಂಗಸಿನೊಂದಿಗೆ ಬಂಗುಡೆಗೆ ಚೌಕಾಸಿಗೆ ನಿಂತರು. ಅವರ ದನಿ ಅಷ್ಟು ಜೋರಾಗಿ ಕೇಳಿ ಎಷ್ಟು ವರ್ಷವಾಗಿತ್ತೋ! ನನ್ನ ಮಗಳು, “ಅಮ್ಮಾ, ಅಜ್ಜಿ ಜಗಳ ಆಡ್ತಿದಾರಾ?” ಎಂದು ಹೆದರಿ ಕೇಳಿದಳು. “ಇಲ್ಲ ಪುಟ್ಟಾ, ಮಾತಾಡ್ತಿದಾರೆ” ಎಂದೆ.

ಮೂರನೇ ದಿನ ಆ ಮನೆಯ ಹತ್ತಿರವೂ ಹೋದೆವು. ಕಾಂಪೌಂಡು ಹೊಸದು, ಹಲಸಿನ ಮರ ಹಳೆಯದೇ. ಅಮ್ಮ ಎರಡು ನಿಮಿಷ ನೋಡಿದರು. “ಬಣ್ಣ ಚೆಂದ ಇತ್ತ್” ಎಂದು ಮುಂದೆ ನಡೆದರು. ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ, ಅದನ್ನೂ ಹೇಳಬೇಕು. ಆದರೆ ಮರುದಿನ ನಮಗಿಂತ ಮೊದಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು, ಬಂದರಿಗೆ ಹೊರಟು.

ಹೋಗುವವರಿಗೆ ಎರಡು ಮಾತು. ಮೀನು ಇಳಿಸುವುದನ್ನು ನೋಡಬೇಕಾದರೆ ಜೂನ್ ಒಳಗೆ, ಇಲ್ಲವೇ ಆಗಸ್ಟ್ ಕಳೆದು ಹೋಗಿ. ಕೆಲಸದಲ್ಲಿರುವ ಹೆಂಗಸರ ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. ನಮಗೆ ಅದು ಪ್ರವಾಸ, ಅವರಿಗೆ ಆಫೀಸು.

ಅಘನಾಶಿನಿಯನ್ನು ಬಿಟ್ಟಿಲ್ಲ, ಬರುವ ಜನವರಿಗೆ ಇಟ್ಟುಕೊಂಡಿದ್ದೇವೆ. ಅದು ನನ್ನ ರಜೆ. ಬರುತ್ತೀರಾ ಎಂದು ಅಮ್ಮನನ್ನು ಕೇಳಿದ್ದೇನೆ, ಅವರಿನ್ನೂ ಉತ್ತರ ಕೊಟ್ಟಿಲ್ಲ.

ನಿಮ್ಮ ಮನೆಯಲ್ಲೂ ಹಗಲೆಲ್ಲ ಒಬ್ಬರೇ ಇರುವವರಿದ್ದರೆ, ಮುಂದಿನ ರಜೆಗೆ ಟಿಕೆಟ್ ತೆಗೆಸುವ ಮುಂಚೆ ಅವರನ್ನೊಮ್ಮೆ ಕೇಳಿ ಎಂದು ವಿನಂತಿಸುತ್ತಾ ನನ್ನ ಮಾತು ಮುಗಿಸುತ್ತೇನೆ.