ನಾಲಿಗೆಗಿಂತ ಮೊದಲು ಕಿವಿ



ತಾಂಡೂರು, ಧಾರೂರು, ಜಹೀರಾಬಾದ್, ನಾರಾಯಣಖೇಡ ಕಡೆಯ ಕನ್ನಡ ಮನೆಗಳಲ್ಲಿ ಕೂಸಿಗೆ ಎರೆಯುವುದನ್ನು ನೋಡಬೇಕು. ಆಯಿ ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕುತ್ತ ಒಂದೇ ಸಮನೆ ಮಾತಾಡುತ್ತಾಳೆ: "ಕೈ ಎಲ್ಲದ? ಕಾಲ್ ಎಲ್ಲದ? ನಮ್ ರಾಜಾ ಎಲ್ಲಿದಾನ?" ಕೂಸು ಬರೀ ಕಣ್ಣು ಪಿಳುಕಿಸುತ್ತದೆ. ಆದರೆ ಪಾಠ ನಡೆದೇ ಇರುತ್ತದೆ. ತೊಗರಿಯ ಈ ಸೀಮೆಯಲ್ಲಿ ಕಾಲು ಬೇರೆ, ಕಾಳು ಬೇರೆ. ಇಂಥ ಭೇದಗಳಿಗೆ ನಾಲಿಗೆಗಿಂತ ಮೊದಲು ಕಿವಿ ಪಳಗಬೇಕು.

1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇದನ್ನು ಪರೀಕ್ಷಿಸಿದರು. ಹಿಂದಿಯಲ್ಲೂ ಕನ್ನಡದಲ್ಲೂ ಇರುವ, ಇಂಗ್ಲಿಷಿನಲ್ಲಿ ಇಲ್ಲದ ತ-ಟ ಭೇದವನ್ನು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. ಧ್ವನಿ ಬದಲಾದಾಗ ತಲೆ ತಿರುಗಿಸಿದರೆ ಆಟಿಕೆಯೊಂದು ಬೆಳಗುತ್ತಿತ್ತು. 6ರಿಂದ 8 ತಿಂಗಳ ಬಹುಪಾಲು ಕೂಸುಗಳು ಭೇದ ಹಿಡಿದವು. 10ರಿಂದ 12 ತಿಂಗಳ ಕೂಸುಗಳಲ್ಲಿ ಹಿಡಿದವು ತೀರ ಕಡಿಮೆ. ಹಿಂದಿ ಮನೆಗಳ ಅದೇ ವಯಸ್ಸಿನ ಕೂಸುಗಳಿಗೆ ಅದು ಸಲೀಸಾಗಿತ್ತು. ಕಿವಿಯಲ್ಲಿ ದೋಷವೇನೂ ಇಲ್ಲ. ದಿನವೂ ಕೇಳುವ ಧ್ವನಿಗಳನ್ನು ಮಿದುಳು ಚೊಕ್ಕ ಮಾಡಿಕೊಳ್ಳುತ್ತದೆ, ಕೇಳದ ಭೇದಗಳತ್ತ ಲಕ್ಷ್ಯ ಬಿಡುತ್ತದೆ. ಮುಂದೆ ಕಲಿಯಲಾಗದು ಎಂದಲ್ಲ, ಶ್ರಮ ಹೆಚ್ಚು.

ಹಾಗಾದರೆ ಮೊಬೈಲಿನಲ್ಲಿ ಹಾಡು ಹಚ್ಚಿಟ್ಟರೆ ಸಾಲದೆ? ಸಾಲದು. 2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 9 ತಿಂಗಳ ಕೂಸುಗಳಿಗೆ 12 ಸಲ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕುಳಿತು ಆಡಿಸಿ ಮಾತಾಡಿದಾಗ ಅವು ಆ ಭಾಷೆಯ ಧ್ವನಿಭೇದ ಕಲಿತವು. ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಕಲಿಯಲಿಲ್ಲ. ನನಗೆ ಇದು ಎಲ್ಲಕ್ಕಿಂತ ದೊಡ್ಡ ಮಾತೆನಿಸುತ್ತದೆ. ಕೂಸಿಗೆ ಸದ್ದಷ್ಟೇ ಸಾಲದು, ಮುಖ ಬೇಕು.

ಮತ್ತೆ ತೊಗರಿಯ ಸೀಮೆಗೆ ಬರೋಣ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಮತ್ತು ಕಲಬುರಗಿ ಜಿಲ್ಲೆಯ ತಾಂಡೂರು ಆಂಧ್ರಕ್ಕೆ ಸೇರಿದವು. ಇಂದು ಅಲ್ಲಿ ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು. "ಎಲ್ಲ ಕೂಡಿದರ ಕೂಸಿಗೆ ಗೊಂದಲ ಆಗ್ತದ, ಕನ್ನಡ ಆಮ್ಯಾಲ ನೋಡೋಣ" ಎನ್ನುವವರಿದ್ದಾರೆ. ಆ ಹೆದರಿಕೆ ಬೇಡ. ಎರಡು ಭಾಷೆ ಆಡುವ ತಾಯಂದಿರ ಹಸುಗೂಸುಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಆ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವುದನ್ನು ಸಂಶೋಧಕರು ಕಂಡಿದ್ದಾರೆ.

ತಾಯಂದಿರೇ, ಮುತ್ಯಾ-ಆಯಿಯರೇ, ಕೂಸಿಗೆ ವರ್ಷ ತುಂಬುವ ಮೊದಲೇ ಅದರ ಮುಖ ನೋಡುತ್ತ ಕನ್ನಡದಲ್ಲಿ ಧಾರಾಳವಾಗಿ ಮಾತಾಡಿ. ಉತ್ತರ ಬರುವವರೆಗೆ ಕಾಯಬೇಡಿ.